ಏನೂ ತಿಂದಿಲ್ಲ, ಬರೀ ಹಣ್ಣು

ಅಣ್ಣನ ಕಣ್ಣು ಹಳದಿಗೆ ತಿರುಗಿದ್ದನ್ನು ಮೊದಲು ನೋಡಿದವಳು ನಾನು. ಮಾರೇನಹಳ್ಳಿಯಲ್ಲಿ ಅವನದ್ದು ಹಣ್ಣಿನ ಅಂಗಡಿ. ಬಿಸಿಲಿಗೆ ಅಡ್ಡ ಇರಲಿ ಅಂತ ಮುಂದೆ ಹಳದಿ ಟಾರ್ಪಾಲು ಕಟ್ಟಿದ್ದಾನೆ. ಅದರ ಕೆಳಗೆ ನಿಂತರೆ ಕಾಯಿ ಮೂಸಂಬಿಯೂ ಹಣ್ಣಾದ ಹಾಗೆ ಕಾಣುತ್ತೆ, ಗಿರಾಕಿಗಳ ಮುಖವೂ ಹಳದಿ. ಹಾಗಾಗಿ ಅಂಗಡಿಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಅವತ್ತು ಬಸವೇಶ್ವರನಗರದ ನಮ್ಮ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಬೆಳಕು ನೇರವಾಗಿ ಮುಖದ ಮೇಲೆ ಬಿತ್ತು. ಕಣ್ಣು ಯಾಕೋ ಹೀಗಿದೆಯಲ್ಲ ಅಂದೆ. ಉಷ್ಣ ಕಣೇ, ಎಳನೀರು ಕುಡಿದರೆ ಸರಿಹೋಗುತ್ತೆ ಅಂದ.

ಸರಿಹೋಗಲಿಲ್ಲ.

ಆಸ್ಪತ್ರೆಯಲ್ಲಿ ಲಿವರ್ ಸಿರೋಸಿಸ್ ಅಂದರು. ನನಗೆ ಆ ಹೆಸರು ಗೊತ್ತಿದ್ದದ್ದು ಕುಡುಕರ ಕಾಯಿಲೆ ಅಂತ. ಅಣ್ಣ ಬಿಯರ್ ಕೂಡ ಮುಟ್ಟಿದವನಲ್ಲ. ಆದರೂ ನೋಡಲು ಬಂದವರೆಲ್ಲ ಅತ್ತಿಗೆಯನ್ನು ಅಡುಗೆಮನೆಗೆ ಕರೆದು, ನಿಜ ಹೇಳಮ್ಮ, ಕುಡೀತಿದ್ನಾ ಅಂತ ಕೇಳಿದ್ದೇ ಕೇಳಿದ್ದು. ಅತ್ತಿಗೆಗೆ ಉತ್ತರ ಹೇಳಿ ಹೇಳಿ ಸಾಕಾಯಿತು. ಡಾಕ್ಟರ್ ಮಾತ್ರ ಸ್ಪಷ್ಟವಾಗಿ ಹೇಳಿದರು. ವರ್ಷಗಟ್ಟಲೆ ಫ್ಯಾಟಿ ಲಿವರ್ ಇತ್ತು, ನೋವಿಲ್ಲ ನುಡಿಯಿಲ್ಲ, ಯಾರೂ ಪರೀಕ್ಷೆ ಮಾಡಿಸಲಿಲ್ಲ, ಈಗ ಗಟ್ಟಿಯಾಗಿ ಕೂತಿದೆ. ಇನ್ನು ಟ್ರಾನ್ಸ್‌ಪ್ಲಾಂಟ್ ಒಂದೇ ದಾರಿ. ಬ್ರೇನ್ ಡೆಡ್ ಆದವರ ಲಿವರ್ ಸಿಗುವವರೆಗೆ ಸರದಿಯಲ್ಲಿ ಕಾಯಬೇಕು, ಇಲ್ಲವೇ ಹತ್ತಿರದ ಸಂಬಂಧಿಕರು ಯಾರಾದರೂ ತಮ್ಮದರಲ್ಲಿ ಒಂದು ಭಾಗ ಕೊಡಬೇಕು. ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತದಂತೆ.

ಸರದಿಗೆ ಅಣ್ಣನ ಹೆಸರು ಬರೆಸಿದೆವು. ಅತ್ತಿಗೆಯ ಬ್ಲಡ್ ಗ್ರೂಪ್ ಹೊಂದಲಿಲ್ಲ. ಮಗಳು ಇನ್ನೂ ಸ್ಕೂಲಿಗೆ ಹೋಗುವ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಉಳಿದವಳು ನಾನು. ನನ್ನದು ಹೊಂದಿತು.

ಆ ದಿನದ ಖುಷಿಯನ್ನು ಹೇಗೆ ಹೇಳಲಿ. ಹೊಟ್ಟೆ ಕೊಯ್ಯುತ್ತಾರೆ ಅಂತ ಗೊತ್ತಿದ್ದೂ ನಾನು ಆಸ್ಪತ್ರೆಯ ಮೆಟ್ಟಿಲನ್ನು ಮದುವೆಗೆ ಹೊರಟವಳ ಹಾಗೆ ಇಳಿದೆ. ಅಪ್ಪ ಹೋದಾಗ ಅಣ್ಣ ಇನ್ನೂ ಹುಡುಗ. ಓದು ಬಿಟ್ಟು ಗಾಡಿ ತಳ್ಳಿದ, ಆಮೇಲೆ ಅಂಗಡಿ ಹಾಕಿದ, ನನ್ನ ಓದಿಸಿದ, ಮದುವೆ ಮಾಡಿದ. ಪ್ರತಿ ಗೌರಿ ಹಬ್ಬಕ್ಕೂ ನಾನು ಫೋನ್ ಮಾಡುವ ಮುಂಚೆಯೇ ಅವನ ಸ್ಕೂಟರ್ ನಮ್ಮ ಗೇಟಿನ ಮುಂದೆ ಇರುತ್ತಿತ್ತು. ನನ್ನ ಕೈಯಿಂದ ಅವನಿಗೆ ಹೋದದ್ದು ಅಂದರೆ ನಾನೇ ಹೊಲಿದ ನಾಲ್ಕಾರು ಶರ್ಟು. ಒಂದು ಸಲ, ಒಂದೇ ಒಂದು ಸಲ, ನಾನು ಕೊಡಬೇಕು ಅಂತ ಆಸೆ.

ಸ್ಕ್ಯಾನ್ ಮಾಡಿದರು. ಡಾಕ್ಟರ್ ಸ್ಕ್ರೀನು ನೋಡಿದರು, ನನ್ನನ್ನು ನೋಡಿದರು.

"ನಿಮ್ಮ ಲಿವರ್‌ನಲ್ಲೂ ಕೊಬ್ಬಿದೆ ಅಮ್ಮ. ಹೀಗಿರೋವಾಗ ತಗೊಂಡ್ರೆ ನಿಮಗೂ ಅಪಾಯ, ಅವರಿಗೂ ಅಪಾಯ."

ನಾನು ದಪ್ಪ. ಮುಚ್ಚಿಡುವುದೇನಿದೆ, ಬ್ಲೌಸ್ ಹೊಲಿಯುವವಳು, ನನ್ನ ಅಳತೆ ನಾನೇ ತೆಗೆಯುವವಳು. ಆದರೆ ನನ್ನ ದಪ್ಪ ಅಣ್ಣನ ಜೀವಕ್ಕೆ ಅಡ್ಡ ನಿಲ್ಲುತ್ತೆ ಅಂತ ಯಾವತ್ತಾದರೂ ಅಂದುಕೊಂಡಿದ್ದೆನೆ? ತೂಕ ಇಳಿಸಿಕೊಂಡು ಬನ್ನಿ, ಆಮೇಲೆ ಮತ್ತೆ ಸ್ಕ್ಯಾನ್ ಮಾಡೋಣ ಅಂದರು. ಎಷ್ಟು ಬೇಗ ಅಂತ ಕೇಳಿದೆ. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು ಅಂದರು. ಸಕ್ಕರೆ, ಎಣ್ಣೆ, ಬೇಕರಿ ತಿಂಡಿ ಬಿಡಿ, ಅನ್ನ ಕಮ್ಮಿ ಮಾಡಿ, ಹಣ್ಣು ತರಕಾರಿ ತಿನ್ನಿ ಅಂತ ಹೇಳಿ, ಡಯಟೀಷಿಯನ್ ಹತ್ತಿರವೂ ಒಮ್ಮೆ ಹೋಗಿ ಅಂದರು. ಅದೆಲ್ಲ ಗೊತ್ತಿರುವ ವಿಷಯವೇ, ಮತ್ತೆ ಅವರ ಬಾಗಿಲಲ್ಲಿ ಯಾಕೆ ಕಾಯುವುದು ಅಂತ ನಾನು ಸೀದಾ ಮನೆಗೆ ಬಂದೆ.

ಹಠಕ್ಕೆ ಬಿದ್ದೆ. ಸಕ್ಕರೆ ಡಬ್ಬ ಎತ್ತಿ ಪಕ್ಕದ ಮನೆಯ ಆಂಟಿಗೆ ಕೊಟ್ಟೆ. ಅನ್ನ, ಮುದ್ದೆ, ದೋಸೆ, ಎಲ್ಲ ಬಂದ್. ನಮ್ಮ ಯಜಮಾನರು ತಮ್ಮ ತಟ್ಟೆ ಹಿಡಿದುಕೊಂಡು ಹಾಲಿಗೆ ಹೋಗಿ ಕೂತು ತಿನ್ನತೊಡಗಿದರು, ನನ್ನ ಮುಂದೆ ನುಂಗುವುದಕ್ಕೆ ಆಗಲ್ಲ ಅಂತ. ವಿಷಯ ಅಣ್ಣನಿಗೆ ತಿಳಿಯಿತು. ಮೊದಲು ಬೈದ. ನಿನ್ನ ಹೊಟ್ಟೆ ಕೊಯ್ಸಿ ನಾನು ಬದುಕಬೇಕಾ ಅಂದ. ಅತ್ತಿಗೆ ಅತ್ತ ಮೇಲೆ ಸುಮ್ಮನಾದ. ಮಾರನೆಯ ದಿನದಿಂದಲೇ ಅಂಗಡಿಯಿಂದ ಹಣ್ಣು ಬರತೊಡಗಿತು. ಪಪ್ಪಾಯಿ, ಸಪೋಟ, ಮೂಸಂಬಿ, ಕಪ್ಪು ದ್ರಾಕ್ಷಿ, ಸೀತಾಫಲ. ಅನ್ನ ಬಿಟ್ಟಿದ್ದಾಳೆ, ಹಣ್ಣಾದರೂ ಹೊಟ್ಟೆ ತುಂಬ ತಿನ್ನಲಿ ಅಂತ ಅವನೇ ಆರಿಸಿ ಕಳಿಸುತ್ತಿದ್ದನಂತೆ. ಅಷ್ಟು ಹೊತ್ತಿಗೆ ಅವನಿಗೆ ಹೊಟ್ಟೆಯಲ್ಲಿ ನೀರು ತುಂಬಿ ನಿಲ್ಲುವುದಕ್ಕೂ ಕಷ್ಟ. ಸ್ಟೂಲ್ ಮೇಲೆ ಕೂತು ಆರಿಸುತ್ತಿದ್ದ.

ಬೆಳಿಗ್ಗೆ ತಿಂಡಿ ಬದಲು ಪಪ್ಪಾಯಿ. ಮಧ್ಯಾಹ್ನ ಸಪೋಟ, ಬಾಳೆಹಣ್ಣು. ಸಂಜೆ ಕಾಫಿ ಬದಲು ಮೂಸಂಬಿ ಜ್ಯೂಸು. ರಾತ್ರಿ ಊಟವೇ ಇಲ್ಲ, ದೊಡ್ಡ ಲೋಟದ ತುಂಬ ದ್ರಾಕ್ಷಿ ರಸ. ಸಕ್ಕರೆ ಹಾಕುತ್ತಿರಲಿಲ್ಲ, ತೀರಾ ಹುಳಿ ಅನ್ನಿಸಿದರೆ ಜೇನುತುಪ್ಪ. ಎಲ್ಲ ನ್ಯಾಚುರಲ್. ಟೇಪ್ ಹಿಡಿದರೆ ಸೊಂಟದ ಸುತ್ತ ಸ್ವಲ್ಪ ಸಡಿಲವಾಗಿತ್ತು. ನಾನು ಹಿಗ್ಗಿಹೋದೆ.

ಎರಡನೇ ಸ್ಕ್ಯಾನ್‌ಗೆ ಹೋದೆ. ಕೊಬ್ಬು ಇದ್ದ ಹಾಗೇ ಇತ್ತು.

ನನಗೆ ಅಳುವುದಕ್ಕಿಂತ ಮೊದಲು ಸಿಟ್ಟು ಬಂತು. ನಿಮ್ಮ ಮಷೀನೇ ಸರಿಯಿಲ್ಲ ಅಂತ ಡಾಕ್ಟರಿಗೆ ಹೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಸಿಸ್ಟರನ್ನು ಜೊತೆಗೆ ಕೊಟ್ಟು ನನ್ನನ್ನು ಡಯಟೀಷಿಯನ್ ರೂಮಿಗೆ ಕಳಿಸಿದರು. ಹುಬ್ಬಳ್ಳಿ ಕಡೆಯ ಹುಡುಗಿ, ಮೆತ್ತಗೆ ಮಾತಾಡುತ್ತಿದ್ದಳು. ನಿನ್ನೆ ಏನೇನು ತಿಂದ್ರಿ ಅಂತ ಕೇಳಿದಳು.

"ಏನೂ ತಿಂದಿಲ್ಲ ಮೇಡಂ."

"ಏನೂ ಅಂದ್ರ? ಇಡೀ ದಿನ ಬಾಯಿಗೆ ಏನೂ ಹಾಕಿಲ್ರಿ?"

"ಏನೂ ಇಲ್ಲ. ಬರೀ ಹಣ್ಣು ಅಷ್ಟೇ."

ಅವಳು ಪೆನ್ನು ಕೆಳಗಿಟ್ಟಳು. ನಾನು ಸುಳ್ಳು ಹೇಳಿರಲಿಲ್ಲ. ನಮ್ಮಮ್ಮ ಶನಿವಾರ ಶನಿವಾರ ಉಪವಾಸ ಮಾಡುತ್ತಿದ್ದಳು. ಬೆಳಿಗ್ಗೆ ಬಾಳೆಹಣ್ಣು, ಮಧ್ಯಾಹ್ನ ಖರ್ಜೂರ, ಸಂಜೆ ಕಲ್ಲಂಗಡಿ ತಿಂದು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣ್ರೀ ಅಂತ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಅವರೂ ಪಾಪ ಅನ್ನುತ್ತಿದ್ದರು. ಶಿವರಾತ್ರಿಗೂ ಹಾಗೇ, ಏಕಾದಶಿಗೂ ಹಾಗೇ. ಒಲೆ ಹತ್ತಿಸದೆ ತಿಂದದ್ದು ನಮ್ಮ ಮನೆಯಲ್ಲಿ ತಿಂದ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ನಾನೂ ಅದೇ ಲೆಕ್ಕದಲ್ಲಿ ತೂಕ ಇಳಿಸಲು ಹೊರಟಿದ್ದೆ. ದೇವರು ಒಪ್ಪಿದ್ದನ್ನು ಲಿವರೂ ಒಪ್ಪುತ್ತೆ ಅಂದುಕೊಂಡಿದ್ದೆ.

ಒಂದು ಲೋಟ ಜ್ಯೂಸಿಗೆ ಎಷ್ಟು ಮೂಸಂಬಿ ಹಿಂಡ್ತೀರಿ ಅಂತ ಕೇಳಿದಳು. ಐದಾರು ಬೇಕಾಗುತ್ತೆ ಅಂದೆ. ಕೂತಲ್ಲೇ ಐದಾರು ಬಿಡಿಸಿ ತಿಂತೀರೇನು ಅಂದಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಹಣ್ಣಿನ ಸಿಹಿಯಲ್ಲಿ ಫ್ರಕ್ಟೋಸ್ ಅಂತ ಒಂದು ಸಕ್ಕರೆ ಇರುತ್ತದಂತೆ. ಅದನ್ನು ಅರಗಿಸುವ ಕೆಲಸ ಹೆಚ್ಚಾಗಿ ಲಿವರ್ ಮೇಲೆಯೇ ಬೀಳುತ್ತದೆ. ಹಣ್ಣನ್ನು ಅಗಿದು ತಿಂದರೆ ನಾರಿರುತ್ತೆ, ನಿಧಾನಕ್ಕೆ ಒಳಗೆ ಹೋಗುತ್ತೆ, ಹೊಟ್ಟೆಯೂ ಸಾಕು ಅನ್ನುತ್ತೆ. ಹಿಂಡಿ ಸೋಸಿ ಕುಡಿದರೆ ಒಟ್ಟಿಗೆ ನುಗ್ಗುತ್ತೆ, ಮಿಕ್ಕಿದ್ದನ್ನು ಲಿವರ್ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತೆ. ಜೇನುತುಪ್ಪಕ್ಕೂ ಅದೇ ಮಾತು. ಹಣ್ಣು ಕೆಟ್ಟದ್ದಲ್ಲ, ದಿನಕ್ಕೆ ಒಂದು ಸೀಬೆಕಾಯಿ, ಇಲ್ಲವೇ ಒಂದೆರಡು ಹೋಳು ಪಪ್ಪಾಯಿ ತಿನ್ನಿ, ಉಳಿದದ್ದು ಕಾಳು, ಸೊಪ್ಪು, ಮೊಟ್ಟೆ, ಅಳತೆಯ ಮುದ್ದೆ, ದಿನಾ ನಡಿಗೆ ಅಂದಳು. ಮುದ್ದೆ ತಿನ್ನಬಹುದು ಅಂದಾಗ ಅಲ್ಲೇ ಅತ್ತುಬಿಟ್ಟೆ.

ಈಗ ಅಣ್ಣನಿಗೆ ಹೇಳಬೇಕಿತ್ತು. ಅದೇ ಕಷ್ಟದ್ದು. ತವರಿಂದ ಬಂದದ್ದನ್ನು ಬೇಡ ಅಂದವಳಿಲ್ಲ ನಮ್ಮಲ್ಲಿ. ಬೇಡ ಅಂದರೆ ಸಂಬಂಧ ಬೇಡ ಅಂದ ಹಾಗೆ. ಅರಿಶಿನ ಕುಂಕುಮದ ಜೊತೆ ಒಂದು ಒಣ ಬಾಳೆಹಣ್ಣು ಬಂದರೂ ಕಣ್ಣಿಗೊತ್ತಿ ತೆಗೆದುಕೊಳ್ಳಬೇಕು. ಎರಡು ದಿನ ಒದ್ದಾಡಿ ಫೋನ್ ಮಾಡಿದೆ. ಇನ್ನು ಮೇಲೆ ಹಣ್ಣು ಕಳಿಸಬೇಡ ಅಣ್ಣ ಅಂದೆ.



"ಯಾಕಮ್ಮ, ಹುಳಿ ಬಂತಾ?"

ಕಾರಣ ಹೇಳಿದೆ. ಹೇಳುವಾಗ ನಗುತ್ತಾ ಹೇಳಿದೆ, ನಿನ್ನ ಸಪೋಟ ತಿಂದು ತಿಂದು ನನ್ನ ಲಿವರ್ ಕೊಬ್ಬಿ ಕೂತಿದೆ ಕಣೋ ಅಂತ. ಅವನು ನಗಲಿಲ್ಲ. ಸಿಹಿ ನೋಡಿ ನೋಡಿ ಆರಿಸುತ್ತಿದ್ದೆನಲ್ಲ ಅಂದ. ಅತ್ತಿಗೆ ಆಮೇಲೆ ಹೇಳಿದಳು, ಅವತ್ತು ಅವನು ಅಂಗಡಿಯಿಂದ ಬೇಗ ಬಂದು ಗೋಡೆ ಕಡೆ ತಿರುಗಿ ಮಲಗಿದನಂತೆ. ಅದೇ ಅವನು ಅಂಗಡಿಗೆ ಹೋದ ಕೊನೆಯ ವಾರ.

ಆಮೇಲಿನ ದಿನಗಳು ಒಂದರ ಹಾಗೆ ಒಂದು. ಬೆಳಿಗ್ಗೆ ಪಾರ್ಕಿನಲ್ಲಿ ಸುತ್ತು, ಹೊಲಿಗೆ, ಸಂಜೆ ಮತ್ತೆ ಸುತ್ತು. ಮಾವಿನ ಕಾಲ ಬಂತು. ಪಾರ್ಕಿನ ಗೇಟಿನ ಪಕ್ಕದಲ್ಲೇ ರಸಪುರಿಯ ಗಾಡಿ ನಿಲ್ಲುತ್ತಿತ್ತು. ಆ ವಾಸನೆಗೆ ಬಾಯಲ್ಲಿ ನೀರೂರುವುದು ಇರಲಿ, ಕಣ್ಣಲ್ಲೇ ನೀರು ಬರುತ್ತಿತ್ತು. ಆಸೆ ಹಣ್ಣಿನ ಮೇಲೋ ಅಣ್ಣನ ಮೇಲೋ ನನಗೇ ಗೊತ್ತಾಗುತ್ತಿರಲಿಲ್ಲ. ಅವನು ಟಾರ್ಪಾಲಿನ ಕೆಳಗೆ ನಿಂತು, ಮಾವಿನ ತೊಟ್ಟು ಮೂಸಿ, ಇದು ನಾಳೆಗೆ ಇದು ಇವತ್ತಿಗೆ ಅಂತ ಬೇರೆ ಮಾಡುವುದನ್ನು ಇನ್ನೊಮ್ಮೆ ನೋಡಬೇಕು ಅನ್ನಿಸುತ್ತಿತ್ತು. ಒಂದು ಹೋಳು ತಿನ್ನಬಹುದಿತ್ತು, ಆ ಹುಡುಗಿಯೇ ಹೇಳಿದ್ದಳು. ಒಂದಕ್ಕೆ ನಿಲ್ಲುವವಳು ನಾನಲ್ಲ ಅಂತ ನನಗೆ ಗೊತ್ತು, ಮುಟ್ಟಲಿಲ್ಲ.

ಅಷ್ಟರಲ್ಲಿ ಲಿವರ್ ಸೋಸಲಾಗದ ಅಮೋನಿಯ ರಕ್ತದಲ್ಲಿ ಸೇರಿ ತಲೆಗೇರಿ, ಅಣ್ಣ ಅಡ್ಮಿಟ್ ಆದ. ನಾನು ಹೋದಾಗ ನನ್ನ ಗುರುತು ಹತ್ತಲಿಲ್ಲ. ಬೆರಳುಗಳು ಹೊದಿಕೆಯ ಮೇಲೆ ಏನನ್ನೋ ಎತ್ತಿ ಎತ್ತಿ ಪಕ್ಕಕ್ಕೆ ಇಡುತ್ತಿದ್ದವು. ಬಗ್ಗಿ ಕೇಳಿದೆ. "ಇದು ನಾಳೆಗೆ... ಇದು ಇವತ್ತೇ ಹೋಗ್ಬೇಕು" ಅನ್ನುತ್ತಿದ್ದ.

ನಾನು ಹೊರಗೆ ಬಂದು ಕಾರಿಡಾರಿನಲ್ಲಿ ಕೂತೆ. ದೇವರೇ, ನನ್ನ ಕೊಬ್ಬು ಕರಗುವವರೆಗೆ ಇವನನ್ನು ಇಟ್ಟಿರು ಅಂತ ಬೇಡಿಕೊಂಡೆ. ಇಂಥ ಬೇಡಿಕೆ ಬೇರೆ ಯಾರಾದರೂ ಇಟ್ಟಿರುತ್ತಾರೋ ಇಲ್ಲವೋ.

ಔಷಧಿ ಕೆಲಸ ಮಾಡಿತು, ಅಣ್ಣನಿಗೆ ಪ್ರಜ್ಞೆ ತಿಳಿಯಾಯಿತು. ಮೂರನೇ ಸ್ಕ್ಯಾನಿನಲ್ಲಿ ನನ್ನ ಲಿವರ್ ಪಾಸಾಯಿತು. ಡಾಕ್ಟರ್ ಮೊದಲ ಸಲ ನಕ್ಕರು. ಉಳಿದ ಪರೀಕ್ಷೆಗಳೆಲ್ಲ ಮುಗಿದು ಆಪರೇಷನ್ ದಿನವೂ ಗೊತ್ತಾಯಿತು. ನಾನು ಹೊಲಿಗೆಗೆ ಬಂದಿದ್ದ ಬಟ್ಟೆಗಳನ್ನೆಲ್ಲ ಮುಗಿಸಿ ಕೊಡತೊಡಗಿದೆ. ಯಜಮಾನರು ಹೆದರಿ ಸಣ್ಣಗಾಗಿದ್ದರು. ನನಗೆ ಹೆದರಿಕೆಯೇ ಇರಲಿಲ್ಲ.

ಆ ವಾರ ಒಂದು ಮಧ್ಯಾಹ್ನ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದೆ. ಅತ್ತಿಗೆಯ ಫೋನ್ ಬಂತು.

"ಸಿಕ್ತಂತೆ ಕಣೇ. ಯಾರದೋ ಲಿವರ್ ಸಿಕ್ತಂತೆ. ಈಗಲೇ ಬಾ ಅಂದಿದಾರೆ."

ಆಟೋದಲ್ಲಿ ದಾರಿಯುದ್ದಕ್ಕೂ ಅತ್ತೆ. ಖುಷಿಗೆ ಅಂತ ಡ್ರೈವರಿಗೆ ಹೇಳಿದೆ. ಖುಷಿ ಹೌದು, ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ. ಅಣ್ಣನನ್ನು ಸ್ಟ್ರೆಚರ್ ಮೇಲೆ ಒಳಗೆ ಒಯ್ಯುತ್ತಿದ್ದರು. ನನ್ನ ಕೈ ಹಿಡಿದುಕೊಂಡು, ನಿನ್ನದು ನಿನ್ನ ಹತ್ರಾನೇ ಇರಲಿ ಬಿಡೇ ಅಂದ. ಅವನಿಗೆ ದೊಡ್ಡ ಭಾರ ಇಳಿದ ಹಾಗಿತ್ತು. ನನ್ನ ಭಾರ ನನ್ನಲ್ಲೇ ಉಳಿಯಿತು.

ಅಣ್ಣ ಉಳಿದ. ಸುಲಭವಾಗಿ ಅಲ್ಲ, ಇನ್‌ಫೆಕ್ಷನ್ ಆಗಿ ಮತ್ತೆ ಐಸಿಯು ಸೇರಿ, ನಮ್ಮ ಜೀವವೆಲ್ಲ ಬಾಯಿಗೆ ಬಂದು, ಆಮೇಲೆ ಉಳಿದ. ಈಗ ಮನೆಯಲ್ಲಿದ್ದಾನೆ. ದಿನವೂ ಮಾತ್ರೆ, ಮುಖಕ್ಕೆ ಮಾಸ್ಕು. ಅಂಗಡಿಯನ್ನು ಅತ್ತಿಗೆ ನೋಡಿಕೊಳ್ಳುತ್ತಾಳೆ. ಕಣ್ಣು ಬೆಳ್ಳಗಿದೆ. ಅವನ ಕಣ್ಣು ಬೆಳ್ಳಗಿರುವುದನ್ನು ನೋಡಲೆಂದೇ ನಾನು ವಾರಕ್ಕೊಮ್ಮೆ ಹೋಗುತ್ತೇನೆ.

ಹೋದ ವಾರ ಗಾಯದ ಗುರುತು ತೋರಿಸು ಅಂದೆ. ನಾಚಿಕೊಂಡು ಬನಿಯನ್ ಎತ್ತಿದ. ಪಕ್ಕೆಯ ಕೆಳಗಿನಿಂದ ಅಡ್ಡಕ್ಕೆ ಹರಿದ ದೊಡ್ಡ ಗೆರೆ. ಹೊಲಿಗೆ ಚೆನ್ನಾಗಿ ಹಾಕಿದ್ದಾರೆ ಅಂದೆ, ನನ್ನ ಬಾಯಿಗೆ ಬಂದದ್ದು ಅದೇ. ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು. ಇಲ್ಲಿ ನಾನಿರಬೇಕಿತ್ತು ಅನ್ನಿಸಿತು. ಹೇಳಬಾರದ ಮಾತು, ಗೊತ್ತು. ಅಣ್ಣ ಬದುಕಿದ, ನನ್ನ ಮೈಗೆ ಗೀರೂ ಬೀಳಲಿಲ್ಲ, ಇನ್ನೇನು ಬೇಕು. ಆದರೂ ಕೊಡಬೇಕು ಅಂತ ಇಟ್ಟುಕೊಂಡ ಆಸೆ ಕೊಡದೆಯೇ ಹೋಗಲ್ಲ, ಅದು ಈಗಲೂ ನನ್ನೊಳಗೆ ಇದೆ.

"ಯಾರೋ ಏನೋ" ಅಂದ ಅಣ್ಣ. "ಹೆಸರೂ ಹೇಳಲ್ಲ ಅವರು. ಊಟಕ್ಕೆ ಕೂತಾಗೆಲ್ಲ ನೆನಪಾಗ್ತಾರೆ ಕಣೇ."

ಅವರಿಗೂ ಒಬ್ಬ ತಂಗಿ ಇದ್ದಿರಬಹುದು. ಬೆಳಿಗ್ಗೆ ಮನೆಯಿಂದ ಚೆನ್ನಾಗಿ ಹೊರಟವರು ಮಧ್ಯಾಹ್ನಕ್ಕೆ ಐಸಿಯು ಸೇರಿರಬಹುದು. ಕೊಡ್ತೀರಾ ಅಂತ ಡಾಕ್ಟರು ಕೇಳಿದಾಗ ಅವಳು ಗೋಡೆ ಹಿಡಿದು ನಿಂತಿರಬಹುದು. ನನಗೆ ತಯಾರಾಗಲು ತಿಂಗಳುಗಳಿದ್ದವು, ಎದುರಿಗೆ ಉಳಿಸಿಕೊಳ್ಳುವ ಅಣ್ಣನಿದ್ದ. ಅವಳಿಗೆ ಎರಡೂ ಇರಲಿಲ್ಲ. ಆದರೂ ತಗೊಳ್ಳಿ ಅಂದಳು. ಒಂದು ಸಲ ಅವಳ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು ಅನ್ನಿಸುತ್ತೆ. ನಿಂತು ಏನು ಹೇಳುವುದು ಅಂತ ಮಾತ್ರ ನನಗೆ ಇನ್ನೂ ಗೊತ್ತಾಗಿಲ್ಲ.