ಪುಟ್ಟನನ್ನು ಹೊರಗಿಟ್ಟ ವಾಕ್ಯದಣ್ಣ

ವಾಕ್ಯದಣ್ಣನ ಹತ್ತಿರ ಬಾಗಿಲು ಮಾಡಿಸಿದವರು ಬಾಗಿಲಿನ ಜೊತೆಗೆ ಬೈಬಲಿನ ಒಂದು ವಾಕ್ಯವನ್ನೂ ಹೊತ್ತುಕೊಂಡು ಬರಬೇಕಾಗಿತ್ತು. ಅದಕ್ಕೆ ಬೇರೆ ದರವಿರಲಿಲ್ಲ. ಬೇಡ ಎನ್ನುವ ಅವಕಾಶವೂ ಇರಲಿಲ್ಲ. ಕಿಟಕಿಯ ಅಳತೆ ತಂದವನಿಗೆ ಇಕ್ಕಟ್ಟಾದ ದಾರಿಯ ಬಗ್ಗೆ, ಮಂಚ ಕೇಳಲು ಬಂದ ಮದುಮಗನಿಗೆ ಸೋಮಾರಿತನದ ಬಗ್ಗೆ, ಕಾಲು ಮುರಿದ ಕುರ್ಚಿ ತಂದ ಮುದುಕಿಗೆ ಮರಳಿನ ಮೇಲೆ ಕಟ್ಟಿದ ಮನೆಯ ಬಗ್ಗೆ ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳುತ್ತಿದ್ದ. ವಾಕ್ಯದಣ್ಣ ಎಂಬ ಹೆಸರನ್ನು ಬೀದಿಯವರು ಗೇಲಿಗೆಂದು ಕೊಟ್ಟಿದ್ದರು. ಅವನು ಅದನ್ನು ಬಿರುದೆಂದು ಇಟ್ಟುಕೊಂಡ.

ಮನುಷ್ಯ ಕೆಟ್ಟವನೇನಲ್ಲ. ಅವನು ಕೂಡಿಸಿದ ಚೌಕಟ್ಟು ಎಷ್ಟು ಮಳೆ ಬಿಸಿಲು ಕಂಡರೂ ಸೊಟ್ಟಗಾಗುತ್ತಿರಲಿಲ್ಲ. ಕುಡಿತವಿಲ್ಲ, ಸುಳ್ಳಿಲ್ಲ, ಹಸಿ ಮರವನ್ನು ಒಣಗಿದ್ದೆಂದು ಯಾರ ತಲೆಗೂ ಕಟ್ಟಿದವನಲ್ಲ. ತಂದೆ ತೀರಿಕೊಂಡಾಗ ಮೂಗು ಒರೆಸಿಕೊಳ್ಳಲೂ ಬಾರದಿದ್ದ ತಮ್ಮನನ್ನು ಸಾಕಿ, ಉಳಿ ಹಿಡಿಯಲು ಕಲಿಸಿದವನು ಅವನೇ. ತೊಂದರೆ ಒಂದೇ ಒಂದು. ದೇವರು ಆ ಗ್ರಂಥ ಬರೆಸುವ ಮುನ್ನ ತನ್ನನ್ನೊಂದು ಮಾತು ಕೇಳಿಯೇ ಬರೆಸಿದ್ದಾನೆ ಎಂಬ ಧಾಟಿಯಲ್ಲಿ ಅದನ್ನು ಓದುತ್ತಿದ್ದ.

ತಮ್ಮನನ್ನು ಎಲ್ಲರೂ ಪುಟ್ಟ ಎನ್ನುತ್ತಿದ್ದರು. ನಲವತ್ತು ದಾಟಿ ಕಿವಿಯ ಪಕ್ಕ ನರೆ ಬಂದರೂ ಅವನು ಪುಟ್ಟನೇ. ಮದುವೆಯ ಗೊಡವೆಗೆ ಹೋಗದೆ ಅಣ್ಣನ ಮನೆಯಲ್ಲೇ ಉಳಿದಿದ್ದ. ಗಿರಾಕಿಗಳು ಬರುತ್ತಿದ್ದುದು ಅಣ್ಣನ ಕೆಲಸಕ್ಕೆ, ನಾಲ್ಕು ನಿಮಿಷ ಹೆಚ್ಚಿಗೆ ನಿಲ್ಲುತ್ತಿದ್ದುದು ತಮ್ಮನ ತಮಾಷೆಗೆ.

ಅಂಗಡಿಯ ಹಿಂಭಾಗದಲ್ಲಿ ಗರಗಸದ ಮೆಷಿನ್ ಇತ್ತು. ಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ಮೇಲೆದ್ದು ತಿರುಗುವ ಹಲ್ಲಿನ ಚಕ್ರ. ಉದ್ದನೆಯ ಹಲಗೆ ಸೀಳಲು ಇಬ್ಬರು ಬೇಕು. ಈ ಕಡೆಯಿಂದ ಅಣ್ಣ ನೂಕುತ್ತಿದ್ದ, ಆ ಕಡೆ ಪುಟ್ಟ ಹಿಡಿದುಕೊಳ್ಳುತ್ತಿದ್ದ. ಒಂದು ಹಲಗೆ ಮುಗಿದ ಮೇಲೆ ಚಕ್ರದ ಪಕ್ಕ ಬಿದ್ದ ಚಕ್ಕೆಗಳನ್ನು ಪುಟ್ಟ ಕೋಲಿನಿಂದ, ಅವಸರವಿದ್ದರೆ ಕೈಯಿಂದಲೇ, ಆಚೆ ಎಳೆಯುತ್ತಿದ್ದ. ಮುಂದಿನ ಹಲಗೆ ನೂಕುವ ಮುನ್ನ ಅಣ್ಣ "ಬಂತು" ಎಂದು ಕೂಗಬೇಕು. ಕೂಗು ಕೇಳಿದರೆ ಕೈ ಹಿಂದಕ್ಕೆ. ಆ ಗದ್ದಲದಲ್ಲಿ ಬೇರೆ ಯಾರ ಮಾತೂ ಕೇಳಿಸದಿದ್ದರೂ ಅಣ್ಣನ ಗಂಟಲು ಮಾತ್ರ ಪುಟ್ಟನಿಗೆ ಕೇಳಿಸುತ್ತಿತ್ತು; ಚಿಕ್ಕಂದಿನಿಂದ ಅದೇ ಗಂಟಲಿನ ಬೈಗುಳ ತಿಂದು ಹದವಾದ ಕಿವಿ.

ಒಂದು ಭಾನುವಾರ ಚರ್ಚಿನ ಆರಾಧನೆಯ ಕೊನೆಯ ಪ್ರಾರ್ಥನೆ ವಾಕ್ಯದಣ್ಣನ ಪಾಲಿಗೆ ಬಂತು. ಅವನು ಲೋಕದ ಸೃಷ್ಟಿಯಿಂದ ಶುರು ಮಾಡಿದ. ಪ್ರಳಯ ದಾಟಿ, ಅರಸರನ್ನೂ ಅಧಿಕಾರಿಗಳನ್ನೂ ದೇವರ ಕೈಗೊಪ್ಪಿಸಿ, ರೋಗಿಗಳನ್ನು ಒಂದೊಂದೇ ರೋಗದ ಪ್ರಕಾರ ವಿಂಗಡಿಸಿ, ಮಂಡಿನೋವಿನವರ ಹತ್ತಿರ ಬಂದಾಗ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ಆ ಸಂದಿಯಲ್ಲಿ ಹಿಂದಿನ ಬೆಂಚಿನಿಂದ ಗಟ್ಟಿಯಾಗಿ "ಆಮೆನ್" ಎಂಬ ಸದ್ದು ಬಂತು. ಇಡೀ ಸಭೆ ಬಿಡುಗಡೆಯಾದವರಂತೆ ಎದ್ದು ಬಾಗಿಲ ಕಡೆ ನಡೆಯಿತು. ಮಂಡಿನೋವಿನವರೂ ನಡೆದರು. ವಾಕ್ಯದಣ್ಣ ಕಣ್ಣು ತೆರೆದಾಗ ಕಂಡದ್ದು ಬರೀ ಬೆನ್ನುಗಳು.

"ನೀನು ಮುಗಿಸಿದೆ ಅಂದ್ಕೊಂಡೆ ಕಣಣ್ಣ" ಎಂದ ಪುಟ್ಟ. ಅದು ನಿಜವೂ ಇರಬಹುದು. ಅವನ ಮೀಸೆಯ ಕೆಳಗೆ ನಗು ಇದ್ದದ್ದಂತೂ ನಿಜ.

ಇನ್ನೊಬ್ಬನಾಗಿದ್ದರೆ ಎರಡು ಬೈದು ಸುಮ್ಮನಾಗುತ್ತಿದ್ದ. ವಾಕ್ಯದಣ್ಣ ಸುಮ್ಮನೆ ಬೈಯುವವನಲ್ಲ. ಸಹೋದರ ತಪ್ಪು ಮಾಡಿದರೆ ಏನು ಮಾಡಬೇಕೆಂದು ಸುವಾರ್ತೆಯಲ್ಲಿ ಕ್ರಮವಾಗಿ ಹೇಳಿದೆ: ಮೊದಲು ನೀನೊಬ್ಬನೇ ಹೋಗಿ ತಿಳಿಸು, ಕೇಳದಿದ್ದರೆ ಒಂದಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು, ಸಭೆಯ ಮಾತನ್ನೂ ಕೇಳದವನು ನಿನಗೆ ಹೊರಗಿನವನು. ವಾಕ್ಯದಣ್ಣ ಅದನ್ನು ಮೆಟ್ಟಿಲು ಜೋಡಿಸುವ ಹಾಗೆ ಒಂದರ ಮೇಲೊಂದು ಜೋಡಿಸಿದ.

ಮೊದಲ ಮೆಟ್ಟಿಲಿನಲ್ಲಿ ಪುಟ್ಟ ನಕ್ಕುಬಿಟ್ಟ. ಎರಡನೆಯದಕ್ಕೆ ವಾಕ್ಯದಣ್ಣ ಕ್ಷೌರದಂಗಡಿಯವನನ್ನೂ ಚರ್ಚಿನ ಗಂಟೆ ಹೊಡೆಯುವ ಮುದುಕನನ್ನೂ ಸಾಕ್ಷಿಗೆ ಎಳೆದುತಂದ. ಆಮೆನ್ ಕೇಳಿ ನೀವೂ ಎದ್ದಿರೋ ಇಲ್ಲವೋ ಎಂದು ಪುಟ್ಟ ಅವರನ್ನೇ ಕೇಳಿದ. ಕ್ಷೌರದವನು ನೆಲ ನೋಡಿದ. ಮುದುಕ ತನಗೆ ಗಂಟೆಯ ಹಗ್ಗ ಹಿಡಿಯುವ ಅವಸರವಿತ್ತೆಂದ. ಮೂರನೆಯದಕ್ಕೆ ಪಾದ್ರಿಗಳ ಬಳಿ ದೂರು ಹೋಯಿತು.

ಪಾದ್ರಿಗಳು ಜಗಳವೆಂದರೆ ಹಲ್ಲುನೋವಿಗೆ ಹೆದರುವಷ್ಟೇ ಹೆದರುವವರು. ಅದೇ ಅಧ್ಯಾಯವನ್ನು ಇನ್ನು ಸ್ವಲ್ಪ ಕೆಳಗೆ ಓದಪ್ಪಾ, ಎಷ್ಟು ಸಲ ಕ್ಷಮಿಸಬೇಕು ಅಂತ ಅಲ್ಲೇ ಇದೆ ಎಂದರು. ಮೊದಲು ಇದು ಮುಗಿಯಲಿ, ಆಮೇಲೆ ಕೆಳಗಿನದು ಎಂದ ವಾಕ್ಯದಣ್ಣ. ಮುಂದಿನ ಭಾನುವಾರ ಅವನು ಸಭೆಯ ಮುಂದೆ ನಿಂತು ತಮ್ಮನ ಅಪರಾಧವನ್ನು ವಿವರಿಸಿದ. ಅರ್ಧ ಜನಕ್ಕೆ ನಗು, ಅರ್ಧ ಜನಕ್ಕೆ ಮುಜುಗರ. ಯಾರೂ ಬಾಯಿ ಬಿಡಲಿಲ್ಲ. ಆ ಮೌನವನ್ನೇ ಅವನು ತೀರ್ಪೆಂದು ಮನೆಗೆ ಹೊತ್ತುಕೊಂಡು ಹೋದ.

ಅಂದಿನಿಂದ ಪುಟ್ಟ ಹೊರಗಿನವನು. ಒಂದೇ ಮೇಜಿನಲ್ಲಿ ಊಟವಿಲ್ಲ, ಮಾತಿಲ್ಲ. ಉಪ್ಪು ಬೇಕಾದರೂ ವಾಕ್ಯದಣ್ಣ ಹೆಂಡತಿಯ ಮೂಲಕ ಕೇಳಿಸುತ್ತಿದ್ದ. ಎರಡು ಸಲ ಅಡುಗೆ ಬಿಸಿ ಮಾಡಿ ಮಾಡಿ ಅವಳಿಗೂ ಸಾಕಾಗಿತ್ತು.

"ಹೊರಗಿನವರ ಜೊತೆ ಕೂತು ಉಂಡ ಅಂತಲೇ ಅಲ್ವಾ ಸುವಾರ್ತೆಯಲ್ಲಿ ಜನ ಸ್ವಾಮಿಯನ್ನ ಆಡ್ಕೊಂಡಿದ್ದು?" ಎಂದು ಅವಳು ಒಂದು ದಿನ ಕೇಳಿದಳು. "ನೀವು ಸ್ವಾಮಿಗಿಂತ ಮಡಿವಂತರಾ?"

"ವ್ಯಾಖ್ಯಾನ ನನಗೆ ಬಿಡು. ನೀನು ಬಡಿಸು" ಎಂದ ವಾಕ್ಯದಣ್ಣ. ಅವಳು ಬಡಿಸಿದಳು. ಆದರೆ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು.

ಪುಟ್ಟನಿಗೆ ಮೊದಮೊದಲು ಇದೂ ಒಂದು ತಮಾಷೆ. ಅಂಗಡಿಗೆ ಬಂದವರ ಹತ್ತಿರ, ನಾನೀಗ ಪರದೇಶದವನು, ನನ್ನ ಭಾಷೆ ಅಣ್ಣನಿಗೆ ಬರೋದಿಲ್ಲ ಎನ್ನುತ್ತಿದ್ದ. ದಿನ ಕಳೆದಂತೆ ತಮಾಷೆ ಕಡಿಮೆಯಾಯಿತು. ಅತ್ತಿಗೆ ಹೇಳುವಂತೆ, ಒಂದು ಬೆಳಿಗ್ಗೆ ಅವನು ಅಣ್ಣನ ಎದುರು ನಿಂತು, ನನ್ನದು ತಪ್ಪಾಯಿತು, ಬಿಟ್ಟುಬಿಡು ಎಂದನಂತೆ. ವಾಕ್ಯದಣ್ಣ ಹೆಂಡತಿಯ ಕಡೆ ತಿರುಗಿ, ಸಭೆಯ ಮುಂದೆ ಆದದ್ದನ್ನು ಸಭೆಯ ಮುಂದೆಯೇ ಒಪ್ಪಿಕೊಳ್ಳಬೇಕೆಂದು ಅವನಿಗೆ ಹೇಳು ಎಂದ. ಪುಟ್ಟ ಒಂದೂವರೆ ಗಜ ದೂರದಲ್ಲಿ ನಿಂತಿದ್ದ.

ಆದರೆ ಕೆಲಸ ನಿಲ್ಲಿಸುವಂತಿರಲಿಲ್ಲ, ಮೆಷಿನ್ನಿಗೆ ಇಬ್ಬರು ಬೇಕೇ ಬೇಕು. ವಾಕ್ಯದಣ್ಣ ಅದಕ್ಕೂ ದಾರಿ ಹುಡುಕಿದ. ಕೂಗಿದರೆ ಮಾತಾಡಿದ ಹಾಗಾಗುತ್ತದೆ. ಆದ್ದರಿಂದ ಹಲಗೆ ನೂಕುವ ಮುನ್ನ ಒಂದು ಮರದ ತುಂಡಿನಿಂದ ಮೇಜನ್ನು ಕುಟ್ಟತೊಡಗಿದ. ಈ ಏರ್ಪಾಡಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ವಾಕ್ಯವೂ ಮುರಿಯಲಿಲ್ಲ, ಕೆಲಸವೂ ನಿಲ್ಲಲಿಲ್ಲ. ಕೆಲವು ದಿನ ಅದು ನಡೆಯಿತು ಕೂಡ.

ಒಂದು ಮಧ್ಯಾಹ್ನ ಗಂಟು ಗಂಟಾದ ಮರ ಸಿಕ್ಕಿತು. ಒಂದು ಚೂರು ಸೀಳಿನಲ್ಲಿ ಸಿಕ್ಕಿಹಾಕಿಕೊಂಡು ಕೋಲಿಗೆ ಬರಲಿಲ್ಲ. ಪುಟ್ಟ ಬಗ್ಗಿ ಕೈ ಹಾಕಿದ. ವಾಕ್ಯದಣ್ಣ ಕುಟ್ಟಿದ, ಹಲಗೆ ನೂಕಿದ. ಮರವೇ ಮೇಜಿಗೆ ಬಡಿದು ದಡಬಡ ಎನ್ನುತ್ತಿದ್ದ ಆ ಸದ್ದಿನಲ್ಲಿ ಇನ್ನೊಂದು ಬಡಿತ ಯಾವ ಲೆಕ್ಕ? ಹಲಗೆಯ ತುದಿ ಚೂರನ್ನು ತಳ್ಳಿತು. ಚೂರಿನ ಜೊತೆ ಕೈಯೂ ಚಕ್ರದ ಕಡೆ ಹೋಯಿತು.

ಪುಟ್ಟನ ಬಲಗೈಯ ಮೂರು ಬೆರಳು ಹೋದವು.

ಬೀದಿಯವರು ಮೆಷಿನ್ನನ್ನು ಬೈದರು, ಗಂಟುಮರವನ್ನು ಬೈದರು. ಪಾದ್ರಿಗಳು ಆಸ್ಪತ್ರೆಗೆ ಬಂದು ದೇವರ ಚಿತ್ತವೆಂದರು. ವಾಕ್ಯದಣ್ಣ ಅವರ ಜೊತೆ ತಲೆಬಾಗಿ ನಿಂತ, ತಾನಾಗಿ ಒಂದು ವಾಕ್ಯವನ್ನೂ ಹೇಳಲಿಲ್ಲ. ಅವನಿಗೆ ಆಘಾತವಾಗಿದೆ ಎಂದು ಜನ ಮರುಗಿದರು. ಅವನು ಮನೆಯಲ್ಲಿ ತಟ್ಟೆಯ ಮುಂದೆ ಕೂತು ಉಣ್ಣದೆ ಏಳುತ್ತಿದ್ದ. ಹೆಂಡತಿ ಏನಾಯಿತೆಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದ. ಅಷ್ಟು ಓದಿದವನಿಗೆ ಈಗ ಬೇಕಾಗಿದ್ದುದು ಒಂದೇ: ತಮ್ಮ ತನ್ನನ್ನು ಮತ್ತೆ ಹಳೆಯ ಹಾಗೆ ಅಣ್ಣಾ ಎನ್ನಬೇಕು. ಆದರೆ ಅದಕ್ಕೆ ಮುಂಚೆ ಹೇಳಲೇಬೇಕಾದ ಒಂದು ಮಾತಿತ್ತು.

ಕೊನೆಗೆ ಅವನು ಒಬ್ಬನೇ ಹೋದ. ವಾರ್ಡಿನಲ್ಲಿ ಔಷಧಿಯ ವಾಸನೆ, ಗೋಡೆಗೆ ತಾಗಿಸಿಟ್ಟ ಕಬ್ಬಿಣದ ಮಂಚಗಳು. ಪುಟ್ಟ ದಪ್ಪ ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದ. ವಾಕ್ಯದಣ್ಣ ಸ್ಟೂಲಿನ ತುದಿಯಲ್ಲಿ ಕೂತ. ಇಷ್ಟು ದಿನಗಳ ಮೇಲೆ ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಇದು:

"ಪುಟ್ಟಾ, ನಿನ್ನ ಕೈ ನನಗೆ ಕಾಣಿಸಿತ್ತು."

ಪುಟ್ಟ ದಿಂಬಿನ ಮೇಲಿದ್ದ ಕೈಯನ್ನು ನೋಡಿಕೊಂಡ.

"ಕೂಗ್ಬೇಕಾಗಿತ್ತು. ಬಾಯಿಗೆ ಬಂದಿತ್ತು. ಮಾತಾಡಬಾರದು ಅಂತ... ಇನ್ನೊಂದ್ಸಲ ಕುಟ್ಟಿದೆ. ಕೈ ತೆಗೀತೀಯ ಅಂತ ನೂಕಿದೆ."

"ಗೊತ್ತು" ಎಂದ ಪುಟ್ಟ. "ಹಲಗೆ ಮೇಲಿಂದ ನಿನ್ನ ಮುಖ ಕಾಣ್ತಿತ್ತು. ಬಾಯಿ ತೆಗೆದೆ, ಮುಚ್ಚಿದೆ. ನೋಡಿದೆ ನಾನು. ಕೈ ಎಳ್ಕೊಳ್ಳೋಷ್ಟರಲ್ಲಿ ಹಲಗೆ ಬಂದಿತ್ತು."

"ಯಾರಿಗೂ ಹೇಳಿಲ್ವಲ್ಲೋ."

"ಹೇಳಿ ಏನು ಮಾಡ್ಲಿ? ಇಬ್ಬರು ಸಾಕ್ಷಿ ಎಲ್ಲಿಂದ ತರ್ಲಿ?"

ಹಿಂದಾಗಿದ್ದರೆ ಈ ಮಾತಿನ ಜೊತೆ ಅವನ ಮೀಸೆ ಕುಣಿಯುತ್ತಿತ್ತು. ಈಗ ಅವನು ಆಸ್ಪತ್ರೆಯ ಹೊದಿಕೆಯನ್ನು ಎಡಗೈಯಿಂದ ಸರಿಪಡಿಸಿಕೊಳ್ಳಲು ಹೆಣಗುತ್ತಿದ್ದ. ವಾಕ್ಯದಣ್ಣ ಸಹಾಯಕ್ಕೆ ಕೈ ಚಾಚಿದ. ಪುಟ್ಟ ಹೊದಿಕೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಕ್ಷಮಿಸಿದ್ದೀನಿ ಅಣ್ಣ. ಎಷ್ಟು ಸಲ ಅಂತ ಬರೆದಿದೆಯೋ ಅಷ್ಟೂ ಸಲ. ಸಭೆ ಮುಂದೆ ಹೇಳು ಅಂದ್ರೂ ಹೇಳ್ತೀನಿ. ಆದ್ರೆ ಆ ಮನೆಗೆ ಮಾತ್ರ ಬರಲ್ಲ."

"ಯಾಕೋ? ಕ್ಷಮಿಸಿದ ಮೇಲೆ..."

"ನಿನ್ನ ಎದುರು ಊಟಕ್ಕೆ ಕೂತ್ರೆ ಆ ಬಾಯೇ ಕಾಣುತ್ತೆ."

ಅಷ್ಟರಲ್ಲಿ ನರ್ಸ್ ತಟ್ಟೆಯಲ್ಲಿ ಹತ್ತಿ, ಕತ್ತರಿ, ಹಳದಿ ಔಷಧಿ ಇಟ್ಟುಕೊಂಡು ಬಂದಳು. ಕಟ್ಟು ಬದಲಾಯಿಸಬೇಕು, ತುಂಬ ನೋಯುತ್ತದೆ, ಭುಜ ಗಟ್ಟಿಯಾಗಿ ಹಿಡಿದುಕೊಳ್ಳಲು ಒಬ್ಬರು ಬೇಕು ಎಂದಳು. ವಾಕ್ಯದಣ್ಣ ಎದ್ದು ಅಂಗಿಯ ತೋಳು ಮಡಿಸಿದ. ಹಲಗೆ ಹಿಡಿದು ಹಿಡಿದು ಗಟ್ಟಿಯಾದ ತೋಳು.

"ಇವರು ಬೇಡ ಸಿಸ್ಟರ್" ಎಂದ ಪುಟ್ಟ. "ಬೇರೆ ಯಾರನ್ನಾದ್ರೂ ಕರೀರಿ."

ನೆಲ ಒರೆಸುತ್ತಿದ್ದ ಆಳು ಬಂದು ಹಿಡಿದುಕೊಂಡ. ವಾಕ್ಯದಣ್ಣ ಮೊಗಸಾಲೆಗೆ ಬಂದು ಗೋಡೆಗೆ ಒರಗಿದ. ಒಳಗಿನಿಂದ ತಮ್ಮ ನರಳುವುದು ಕೇಳಿಸುತ್ತಿತ್ತು. ಎದುರಿನ ಗೋಡೆಯ ಮೇಲೆ ಮೌನವಾಗಿರಿ ಎಂಬ ಹಲಗೆ ನೇತುಹಾಕಿದ್ದರು. ಅವನು ಅದನ್ನು ಓದಿದ. ಏನನ್ನೇ ಆದರೂ ಓದುವ ಅಭ್ಯಾಸ.

ಹೆಂಡತಿ ಊಟದ ಕ್ಯಾರಿಯರ್ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಅವನ ಮುಖ ನೋಡಿ ಮಾತಾಡಿದಿರಾ ಎಂದು ಕೇಳಿದಳು. ಮಾತಾಡಿದೆ, ಕ್ಷಮಿಸಿದ್ದೀನಿ ಅಂದ ಎಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಸದ್ಯ, ದೇವರು ದೊಡ್ಡವನು, ಒಳಗೆ ನಡೀರಿ, ಮೂರೂ ಜನ ಒಟ್ಟಿಗೆ ಊಟ ಮಾಡೋಣ, ಜಾಸ್ತಿಯೇ ತಂದಿದ್ದೀನಿ ಎಂದಳು.

"ಕೂತ್ಕೋ" ಎಂದ ವಾಕ್ಯದಣ್ಣ. "ನಿನಗೆ ಒಂದು ಹೇಳೋದಿದೆ."

ಅವಳು ಬೆಂಚಿನ ಮೇಲೆ ಕೂತಳು. ಅವನು ನಿಂತುಕೊಂಡೇ ಹೇಳಿದ. ಯಾವ ಅಧ್ಯಾಯವನ್ನೂ ಸೇರಿಸದೆ ನಾಲ್ಕೇ ಮಾತಿನಲ್ಲಿ ಮುಗಿಸಿದ. ಅವಳು ಸ್ವಲ್ಪ ಹೊತ್ತು ಅವನ ಬಾಯಿಯನ್ನೇ ನೋಡಿದಳು. ಆಮೇಲೆ ಕ್ಯಾರಿಯರನ್ನು ಎತ್ತಿಕೊಂಡು ವಾರ್ಡಿನೊಳಗೆ ಹೋಗಿ, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ಮಾಡಿಕೊಂಡಳು.