ಬೆನ್ನಿಗೆ ಬೀಳಬೇಕಾದ ಕುಚ್ಚು

ಕನ್ನಡ ಕೂಟದ ಯಾವ ಸಮಾರಂಭವಾದರೂ ಸೀರೆ ಉಡಿಸುವ ಕೆಲಸ ನನ್ನದೇ. ಭೂಮಿಯ ಈ ತುದಿಯ ನಮ್ಮ ಊರು ಪಾಮರ್ಸ್ಟನ್ ನಾರ್ತ್‌ನಲ್ಲಿ ನನ್ನ ಕೈಯಿಂದ ಪಿನ್ ಚುಚ್ಚಿಸಿಕೊಳ್ಳದ ಕನ್ನಡತಿ ಇಲ್ಲ. ಹಾಗಾಗಿ ಪಕ್ಕದ ಮನೆಯಾಕೆ, ಮಗಳಿಗೆ ಅವರ ಕಡೆಯ ಬಟ್ಟೆ ತೊಡಿಸಿ ಶಾಲೆಗೆ ಕಳಿಸುತ್ತೀರಾ ಎಂದಾಗ ಅದೇನು ಮಹಾ ಎಂದು ಒಪ್ಪಿಕೊಂಡೆ.

ಅವರು ಓಸೇಜ್ ಜನ, ಅಮೆರಿಕದ ಮೂಲನಿವಾಸಿಗಳು. ಆಕೆ ಇಲ್ಲಿನ ಯೂನಿವರ್ಸಿಟಿಗೆ ಮಣ್ಣಿನ ಸಂಶೋಧನೆಗೆಂದು ಬಂದವಳು. ಅವತ್ತು ಮಕ್ಕಳೆಲ್ಲ ತಮ್ಮತಮ್ಮ ಉಡುಪಿನಲ್ಲಿ ಶಾಲೆಗೆ ಹೋಗಬೇಕಿತ್ತು, ಆಕೆ ಬೆಳಗ್ಗೆಯೇ ಯಾವುದೋ ಫಾರ್ಮಿಗೆ ಹೋಗಬೇಕಿತ್ತು. ಹುಡುಗಿಯ ಸೊಂಟಪಟ್ಟಿಯನ್ನು ಓಕ್ಲಹೋಮಾದಲ್ಲಿರುವ ಅಜ್ಜಿ, ಮಗ್ಗವಿಲ್ಲದೆ ಬರೀ ಬೆರಳಿನಲ್ಲೇ ಉಣ್ಣೆಯ ನೂಲು ನೇಯ್ದು ಕಳಿಸಿದ್ದರು. ಕಟ್ಟುವುದು ಇದೇ ಮೊದಲು. ಹೊರಡುವ ಮುಂಚೆ ಅಜ್ಜಿಗೆ ವಿಡಿಯೋದಲ್ಲಿ ತೋರಿಸಬೇಕು, ಅಜ್ಜಿ ಮೆಚ್ಚಬೇಕು. ಆ ಚಿಂತೆಯಲ್ಲಿ ಹುಡುಗಿ ನನ್ನ ಉಪ್ಪಿಟ್ಟನ್ನೂ ಮುಟ್ಟಲಿಲ್ಲ.

ರಿಬ್ಬನ್ನು ಕತ್ತರಿಸಿ, ಮಡಚಿ, ಅಂಚಿಗೆ ಹೊಲಿದ ಸ್ಕರ್ಟು. ರೇಷ್ಮೆಯ ಮೇಲಂಗಿ, ಎದೆಗೆ ದುಂಡನೆಯ ಬೆಳ್ಳಿ ಬ್ರೋಚು. ಆಹಾ, ದೃಷ್ಟಿ ತೆಗೆಯಬೇಕು ಅನಿಸಿತು. ಪಟ್ಟಿಯ ತುದಿಗೆ ಮಾರುದ್ದದ ಕುಚ್ಚು. ಇಷ್ಟು ಚೆಂದದ್ದನ್ನು ಮರೆಮಾಡುವುದುಂಟೇ? ಡಾಬು ಹಾಕುವ ಹಾಗೆ ಮುಂದಕ್ಕೇ ಇಳಿಬಿಟ್ಟು, ನೆರಿಗೆ ಹಿಡಿದು, ಪಿನ್ನು ಹಾಕಿದೆ. ಅದು ಹಿಂದೆ ಬರಬೇಕೇನೋ ಆಂಟಿ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ನಿನಗೇನು ಗೊತ್ತು, ಸುಮ್ಮನಿರು ಎಂದೆ. ಲಂಗ ದಾವಣಿಯಲ್ಲಿ ನಿಂತಿದ್ದ ನನ್ನ ಮಗಳು, "ಅಮ್ಮಾ, ಯು ಆರ್ ಸೋ ಬಾಸಿ" ಎಂದು ಗೊಣಗಿದಳು.

ಓಕ್ಲಹೋಮಾಗೆ ವಿಡಿಯೋ ಕಾಲ್ ಹಚ್ಚಿದೆವು. ಇಲ್ಲಿ ಶುಕ್ರವಾರ ಬೆಳಗ್ಗೆ, ಅಲ್ಲಿ ಇನ್ನೂ ಗುರುವಾರ ಮಧ್ಯಾಹ್ನ. ಅಜ್ಜಿ ಹಿಂದಿನ ದಿನದಲ್ಲಿ ಕೂತುಕೊಂಡೇ ನನಗೆ ಮಂಗಳಾರತಿ ಎತ್ತಿದರು. ಮೊದಲು ನಗುತ್ತಲೇ ಇದ್ದರು. ಮುಂದೆ ಜೋತಾಡುವ ಕುಚ್ಚು ಕಂಡಿತು, ತಿರುಗು ಎಂದರು. ಬೆನ್ನು ಬೋಳು. ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು. ಹುಡುಗಿಯ ಕಣ್ಣು ತುಂಬಿಕೊಂಡಿತು, ನಾನೇ ಎಂದು ಕೈಯೆತ್ತಿದೆ.

ಆಮೇಲೆ ಅಪ್ಪಣೆಗಳ ಮಳೆ. ಮೊದಲು ಪಿನ್ನು ಕಿತ್ತು ಬಿಸಾಕಬೇಕಂತೆ. ನೆರಿಗೆ ಬಿಚ್ಚಿ ಕುಚ್ಚನ್ನು ಹಿಂದಕ್ಕೆ ತರಬೇಕಂತೆ. ಬಿಗಿ, ಇನ್ನೂ ಬಿಗಿ. ಎಷ್ಟೋ ಮದುವೆ ಹೆಣ್ಣುಗಳನ್ನು ಗದರಿಸಿದ ನಾನು, ನೆಲದ ಮೇಲೆ ಮಂಡಿಯೂರಿ "ಎಸ್ ಆಂಟಿ, ಎಸ್ ಆಂಟಿ" ಎನ್ನುತ್ತಿದ್ದೆ. ನನ್ನ ಮಗಳಿಗೆ ಹಬ್ಬವೋ ಹಬ್ಬ.

ಮತ್ತೆ ತಿರುಗು ಎಂದರು. ಕುಚ್ಚು ಬೆನ್ನ ಹಿಂದೆ ನೆಟ್ಟಗೆ ಇಳಿದಿತ್ತು.  ನಡೆದು ತೋರಿಸು ಎಂದರು ಅಜ್ಜಿ, ಹುಡುಗಿ ಬಾಗಿಲು ದಾಟಿದಳು. ಫೋನು ಹಿಡಿದು ನೀನೂ ಹೋಗು ಎಂದು ನನಗೆ ಅಪ್ಪಣೆಯಾಯಿತು. ನಾನಿನ್ನೂ ನೈಟಿಯಲ್ಲಿದ್ದೆ! ಆದರೆ ಆ ಹೆಂಗಸಿಗೆ ಎದುರಾಡುವ ಧೈರ್ಯ ಯಾರಿಗಿದೆ? ಮಕ್ಕಳು ಮುಂದೆ, ಹಿಂದೆ ಹೂಹೂವಿನ ನೈಟಿಯಲ್ಲಿ ನಾನು. ಸೈಕಲ್ಲಿನ ವಿದ್ಯಾರ್ಥಿಗಳು ಪಾಪ, ನೋಡಿಯೂ ನೋಡದವರಂತೆ ಹೋದರು.

ಬೀದಿಯ ತಿರುವಿನಲ್ಲಿ ಹುಡುಗಿ ತಡೆಯಲಾರದೆ, ಸರಿಯಾಗಿದೆಯಾ ಅಜ್ಜೀ ಎಂದು ಕೇಳಿದಳು.

"ತಿರುಗಬೇಡ ಮಗೂ, ನಡೀತಾ ಇರು," ಎಂದರು ಅಜ್ಜಿ ಇಂಗ್ಲಿಷಿನಲ್ಲಿ. "ನಾನು ನೋಡ್ತಾ ಇದೀನಿ."

ಪರದೆಯಲ್ಲಿ ಅಜ್ಜಿ ಕಣ್ಣೊರೆಸಿಕೊಂಡು ಇನ್ನೂ ಹತ್ತಿರಕ್ಕೆ ಬಾಗಿದರು. ಫೋನು ಅಲುಗಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಶಾಲೆಯ ಗೇಟಿನವರೆಗೂ ನಡೆದೆ.