ಜಿಪ್ ಇಲ್ಲದ ರಾಜ

ಮೂವತ್ತು ವರ್ಷದಿಂದ ಸಿನಿಮಾ ರಾಜರಿಗೆ ಬಟ್ಟೆ ಹೊಲಿಯುತ್ತಿದ್ದ ದರ್ಜಿಗೆ ಈ ನಿರ್ದೇಶಕನನ್ನು ಕಂಡರಾಗುತ್ತಿರಲಿಲ್ಲ. ಸಿನಿಮಾ ದಂತಕಥೆಯ ರಾಜನದಾದರೂ ಎಲ್ಲವೂ ಇತಿಹಾಸದಂತೆಯೇ ಇರಬೇಕಂತೆ. ಅವನ ಕಂಕುಳಲ್ಲಿ ಸದಾ ಒಂದು ದಪ್ಪ ಇತಿಹಾಸದ ಪುಸ್ತಕ. "ಎಂಟುನೂರು ವರ್ಷದ ಹಿಂದೆ ಜಿಪ್ ಇತ್ತೇನ್ರೀ? ಆಗ ಮೈಮೇಲೇ ಹೊಲೀತಿದ್ರು. ತಲೇಲಿ ಏನು ತುಂಬಿದೆ?" ಎಂದು ಎಲ್ಲರೆದುರು ಮಾನ ಕಳೆದಿದ್ದ. ದರ್ಜಿ ಹಲ್ಲು ಕಚ್ಚಿಕೊಂಡು ಜಿಪ್ಪುಗಳನ್ನೆಲ್ಲ ಕಿತ್ತ. ದಿನಾ ಬೆಳಗ್ಗೆ ನಾಯಕನನ್ನು ನಿಲ್ಲಿಸಿ, ಉಡುಪನ್ನು ಮೈಮೇಲೆಯೇ ಹೊಲಿದು ಮುಚ್ಚತೊಡಗಿದ.

ಯುದ್ಧದ ದೃಶ್ಯದ ನಡುವೆ ನಾಯಕ ಕುದುರೆಯಿಂದಿಳಿದು ಓಡಿಬಂದ. "ಬೇಗ ಬಿಚ್ಚಯ್ಯ, ತಡೆಯೋಕಾಗ್ತಿಲ್ಲ!"

ಹಿಂದೆಯೇ ಬಂದ ನಿರ್ದೇಶಕ ಕಿರುಚಿದ. "ಕತ್ತರಿ ತಗೊಳ್ರೀ, ನೋಡ್ತಾ ನಿಂತಿದ್ದೀರಲ್ಲ!"

ದರ್ಜಿ ಕತ್ತರಿಯನ್ನು ಜೇಬಿಗಿಳಿಸಿದ. "ಎಂಟುನೂರು ವರ್ಷದ ಹಿಂದೆ ಇಂಥಾ ಸ್ಟೀಲ್ ಕತ್ತರಿ ಇತ್ತಾ ಸ್ವಾಮಿ? ಪುಸ್ತಕ ನೋಡಿ ಹೇಳಿ. ಕಾಯ್ತೀನಿ."